ನಡೆಯದ್ದನ್ನೇ ನೆನಪಿಟ್ಟುಕೊಂಡಿದ್ದ ಅಣ್ಣ: 12 ಸೆಷನ್ ಥೆರಪಿಯ ರಿವ್ಯೂ, 5ಕ್ಕೆ 3.5

ಮೊದಲೇ ಹೇಳಿಬಿಡುತ್ತೇನೆ, ಮರೆವಿಗೆ ಚಿಕಿತ್ಸೆ ಹುಡುಕಿಕೊಂಡು ಬಂದಿದ್ದರೆ ಇದು ನಿಮಗೆ ಅಷ್ಟಾಗಿ ಉಪಯೋಗಕ್ಕೆ ಬರಲ್ಲ. ಇದು ಮರೆವಿನ ಪಕ್ಕದ ಮನೆಯಲ್ಲಿರುವ ತೊಂದರೆ. ಮಿದುಳಿಗೆ ಪೆಟ್ಟು ಬಿದ್ದವರು ಕೆಲವರು ನಡೆಯದೇ ಇರುವುದನ್ನು ನಡೆಯಿತು ಅಂತ ಹೇಳುತ್ತಾರೆ, ಅದನ್ನು ಪೂರ್ತಿ ನಂಬಿಯೇ ಹೇಳುತ್ತಾರೆ. ಡಾಕ್ಟರ್‌ಗಳು ಇದಕ್ಕೆ ಕನ್‌ಫ್ಯಾಬ್ಯುಲೇಶನ್ ಅನ್ನುತ್ತಾರೆ. ನಮ್ಮಣ್ಣನಿಗೆ ಇದಾಗಿತ್ತು. ಒಂದು ರಿಹ್ಯಾಬ್ ಸೆಂಟರ್‌ನಲ್ಲಿ ವಾರಕ್ಕೆ ಮೂರರಂತೆ 4 ವಾರ, ಒಟ್ಟು 12 ಸೆಷನ್ ಮಾಡಿಸಿದೆವು. ಅದಕ್ಕಿಂತ ಮುಂಚೆ ಇನ್ನೊಂದು ಕಡೆ ಹೋಗಿ ಎರಡು ತಿಂಗಳು ಹಾಳು ಮಾಡಿಕೊಂಡಿದ್ದೆವು. ಎರಡರ ಹೆಸರನ್ನೂ ಹಾಕುವುದಿಲ್ಲ. ಈ ಥರದ ಥೆರಪಿ ಒಳಗೆ ಹೇಗಿರುತ್ತದೆ, ಏನು ಸಿಗುತ್ತದೆ ಅನ್ನುವುದನ್ನು ಮನೆಯವರ ಕಡೆಯಿಂದ ಯಾರೂ ಬರೆದದ್ದು ನನಗೆ ಸಿಕ್ಕಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ.

ಅಣ್ಣನಿಗೆ ಆಕ್ಸಿಡೆಂಟ್ ಏನೂ ಆಗಿರಲಿಲ್ಲ. ಮಿದುಳಿನ ಮುಂಭಾಗದ ತಳದಲ್ಲಿ ಎಡ ಬಲ ರಕ್ತನಾಳಗಳನ್ನು ಜೋಡಿಸುವ ಒಂದು ಚಿಕ್ಕ ನಾಳ ಇದೆ, ಆಂಟೀರಿಯರ್ ಕಮ್ಯುನಿಕೇಟಿಂಗ್ ಆರ್ಟರಿ ಅಂತ. ಅದರಲ್ಲಿ ಬಲೂನಿನ ಹಾಗೆ ಊದಿಕೊಂಡಿದ್ದ ಜಾಗ ಒಡೆಯಿತು. ಆಪರೇಷನ್ ಆಯಿತು, ಜೀವ ಉಳಿಯಿತು. ಮೂರನೇ ವಾರಕ್ಕೆಲ್ಲ ಮಾತು ಸರಾಗ, ನಡಿಗೆ ಸರಿ, ಎಲ್ಲರ ಗುರುತು ಹಿಡಿಯುತ್ತಾನೆ, ತಮಾಷೆ ಮಾಡುತ್ತಾನೆ. ನೋಡಲು ಬಂದವರೆಲ್ಲ 'ಏನೂ ಆಗೇ ಇಲ್ಲ ಅನ್ನೋ ಹಾಗಿದ್ದಾನಲ್ಲ' ಅಂದು ಖುಷಿಯಾಗಿ ಹೋದರು. ಒಂದು ಬೆಳಿಗ್ಗೆ ಅತ್ತಿಗೆ ಫೋನ್ ಮಾಡಿ, 'ನಿಮ್ಮಣ್ಣ ಈಗ ತಾನೆ ರಾತ್ರಿ ಪಾಳಿ ಮುಗಿಸಿ ಬಂದೆ ಅಂತಿದ್ದಾರೆ, ನೀನು ಸ್ವಲ್ಪ ಬಾಪ್ಪ' ಅಂದರು.

ಅಣ್ಣ ಆಫ್‌ಸೆಟ್ ಪ್ರೆಸ್ಸಿನಲ್ಲಿ ಮೆಷಿನ್ ಓಡಿಸುತ್ತಿದ್ದವನು. ಆ ಪ್ರೆಸ್ ಮುಚ್ಚಿ 8 ವರ್ಷ ಆಗಿದೆ. ಆದರೆ ಅವನು ಹೇಳಿದ ಆ ರಾತ್ರಿಯಲ್ಲಿ ಏನೂ ಕಮ್ಮಿ ಇರಲಿಲ್ಲ. ಎರಡನೇ ಯೂನಿಟ್‌ನ ರೋಲರ್ ಕೈಕೊಟ್ಟದ್ದು, ನೀಲಿ ಜಾಸ್ತಿ ಕೂತದ್ದು, ಹೆಲ್ಪರ್ ಹುಡುಗ ಪ್ಲೇಟ್ (ಅಚ್ಚಾಗಬೇಕಾದ ಪುಟ ಮೂಡಿರುವ ತಗಡು) ಉಲ್ಟಾ ಹಾಕಿದ್ದು, ಇವನು ಬೈದದ್ದು, ಆಮೇಲೆ ಪಾಪ ಅನಿಸಿದ್ದು. ಉಗುರು ತೋರಿಸಿ 'ಇಂಕ್ ಇನ್ನೂ ಹೋಗಿಲ್ಲ ನೋಡೋ' ಅಂದ. ಉಗುರು ಕ್ಲೀನಾಗಿತ್ತು. ಸಂಜೆಯಾದರೆ ಪಾಳಿಗೆ ಲೇಟಾಯಿತು ಅಂತ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದ.

ನಾವು ಮೊದಲು ತಮಾಷೆ ಅಂದುಕೊಂಡೆವು. ಆಮೇಲೆ ಸುಳ್ಳು ಅಂದುಕೊಂಡೆವು. ಆಮೇಲೆ ತಲೆ ಕೆಟ್ಟಿದೆಯೇನೋ ಅಂತ ಹೆದರಿದೆವು. ಮೂರೂ ಅಲ್ಲವಂತೆ. ಇದಕ್ಕೆ 'ಪ್ರಾಮಾಣಿಕ ಸುಳ್ಳು' ಅನ್ನುವ ಮಾತು ಬಳಕೆಯಲ್ಲಿದೆ, ನನಗೆ ಆ ಮಾತು ಬಹಳ ಹಿಡಿಸಿತು. ಹೇಳುವವನಿಗೆ ಮೋಸದ ಉದ್ದೇಶ ಇರಲ್ಲ, ಅವನ ಮಟ್ಟಿಗೆ ಅದು ನೆನಪೇ. ಜಿನೀವಾದ ಆರ್ಮಿನ್ ಶ್ನೈಡರ್ ಅನ್ನುವ ನರರೋಗ ತಜ್ಞರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅವರು ಬರೆದಿರುವ ಒಬ್ಬ ರೋಗಿ, ಮಗುವಿಗೆ ಹಾಲು ಕುಡಿಸಬೇಕು ಅಂತ ಆಸ್ಪತ್ರೆಯಿಂದ ಹೊರಡಲು ನೋಡುತ್ತಿದ್ದರು. ಆ ಮಗುವಿಗೆ ಆಗ 30 ದಾಟಿತ್ತು. ಅದನ್ನು ಓದಿದಾಗ ನನಗೆ ಅಣ್ಣನ ಚಪ್ಪಲಿಯೇ ಕಣ್ಣ ಮುಂದೆ ಬಂತು.

ಈಗ ಆ ಮೊದಲ ಜಾಗದ ವಿಷಯ, ಬೇಗ ಮುಗಿಸುತ್ತೇನೆ. ಕಂಪ್ಯೂಟರ್ ಮುಂದೆ ಕೂರಿಸಿ ಜೋಡಿ ಹುಡುಕುವ ಆಟ, ಬಣ್ಣ ಒತ್ತುವ ಆಟ. ಅಣ್ಣನ ಸ್ಕೋರ್ ಏರುತ್ತಲೇ ಹೋಯಿತು, ಗ್ರಾಫ್ ತೋರಿಸಿ ಬೆನ್ನು ತಟ್ಟಿದರು. ಅದೇ ದಿನ ಮನೆಗೆ ಬಂದು 'ಇವತ್ತು ಪ್ರೆಸ್ಸಿನಲ್ಲಿ ಹೊಸ ಕಂಪ್ಯೂಟರ್ ಹಾಕಿದ್ದಾರೆ, ಟ್ರೈನಿಂಗ್ ಕೊಟ್ಟರು' ಅಂದ! ಅವನ ಕಥೆಗೆ ನಾವೇ ಸಾಮಾನು ಒದಗಿಸಿದ ಹಾಗಾಯಿತು. ಅಲ್ಲಿ ಯಾರೂ ಅವನ ಕಥೆಗಳ ಬಗ್ಗೆ ಒಂದು ಪ್ರಶ್ನೆ ಕೇಳಿರಲಿಲ್ಲ. ನೆನಪಿನ ಶಕ್ತಿ ಹೆಚ್ಚಾದರೆ ಅದು ತಾನಾಗಿ ಹೋಗುತ್ತದೆ ಅಂದುಬಿಟ್ಟರು. ಸೊನ್ನೆ ಸ್ಟಾರ್.

ಎರಡನೇ ಕಡೆ ಮೊದಲ ದಿನವೇ ವ್ಯತ್ಯಾಸ ಗೊತ್ತಾಯಿತು. ನ್ಯೂರೋಸೈಕಾಲಜಿಸ್ಟ್ (ಮಿದುಳಿನ ತೊಂದರೆಯಿಂದ ನೆನಪು, ಯೋಚನೆ ಕೆಟ್ಟವರನ್ನು ನೋಡುವ ಮನಶ್ಶಾಸ್ತ್ರಜ್ಞೆ) ಮೇಡಂ ಅಣ್ಣನನ್ನು ಮಾತ್ರ ಅಲ್ಲ, ಅತ್ತಿಗೆಯನ್ನೂ ನನ್ನನ್ನೂ ಬೇರೆಬೇರೆ ಕೂರಿಸಿ ಕೇಳಿದರು. ಯಾವ ಕಥೆ, ದಿನದಲ್ಲಿ ಎಷ್ಟು ಸಲ, ಕೇಳಿದಾಗ ಮಾತ್ರ ಹೇಳುತ್ತಾರಾ, ತಾವಾಗೇ ಶುರು ಮಾಡುತ್ತಾರಾ, ಅದನ್ನು ನಂಬಿ ಎದ್ದು ಹೊರಡುತ್ತಾರಾ. ಈ ಕೊನೆಯ ಎರಡು ಪ್ರಶ್ನೆ ಮುಖ್ಯವಂತೆ. ಪ್ರಶ್ನೆ ಕೇಳಿ ಒತ್ತಿದಾಗ ನಾವೂ ನೀವೂ ಸ್ವಲ್ಪ ಸೇರಿಸಿ ಹೇಳುತ್ತೇವೆ. ತಾನಾಗಿ ಹುಟ್ಟಿ, ಕಾಲಿಗೆ ಚಪ್ಪಲಿ ಹಾಕಿಸುವ ನೆನಪು ಬೇರೆ ಜಾತಿಯದು.

ಆಮೇಲೆ ಒಂದು ಪ್ರಶ್ನೆಪಟ್ಟಿ. ಜಾನ್‌ಫ್ರಾಂಕೊ ದಲ್ಲಾ ಬಾರ್ಬಾ ಅನ್ನುವ ಸಂಶೋಧಕರು ರೂಪಿಸಿದ ಕನ್‌ಫ್ಯಾಬ್ಯುಲೇಶನ್ ಬ್ಯಾಟರಿ ಅನ್ನುವ ಪ್ರಶ್ನೆಗಳ ಗುಚ್ಛ ಇದೆ, ಆ ಮಾದರಿಯದು. ಅದರಲ್ಲಿ ಒಂದು ಜಾಣತನ ಇದೆ. ಕೆಲವು ಪ್ರಶ್ನೆಗಳಿಗೆ ಯಾರಾದರೂ ಕೊಡಬೇಕಾದ ಉತ್ತರವೇ 'ಗೊತ್ತಿಲ್ಲ'. ಹತ್ತು ವರ್ಷದ ಹಿಂದೆ ಇಂಥ ತಿಂಗಳ 14ನೇ ತಾರೀಕು ಏನು ಮಾಡಿದಿರಿ ಅಂತ ಕೇಳಿದರೆ ನಾನು ಯೋಚನೆ ಕೂಡ ಮಾಡದೆ 'ಯಾರಿಗ್ಗೊತ್ತು ಮೇಡಂ' ಅಂದೆ. ಅಣ್ಣ? 'ಅವತ್ತು ಮಳೆ ಬಂದಿತ್ತು, ಪೇಪರ್ ರೀಲ್ ಒದ್ದೆಯಾಗಿ ದೊಡ್ಡ ಗಲಾಟೆ' ಅಂತ ಶುರು ಮಾಡಿದ. ಅಂಥ ಪ್ರಶ್ನೆಗಳಲ್ಲಿ ಒಂದಕ್ಕೂ ಅವನ ಬಾಯಲ್ಲಿ 'ಗೊತ್ತಿಲ್ಲ' ಬರಲಿಲ್ಲ. ಮೇಡಂ ನನಗೆ ಹೇಳಿದ್ದು ಇಷ್ಟೇ, 'ನಿಮ್ಮಣ್ಣನಿಗೆ ಕಳೆದುಹೋಗಿರುವ ಮುಖ್ಯ ಮಾತು ಇದು. ಇದನ್ನ ವಾಪಸ್ ತರೋಕೆ ಆಗುತ್ತಾ ನೋಡೋಣ'. ನೆನಪು ಪೂರ್ತಿ ವಾಪಸ್ ಬರುತ್ತದೆ ಅಂತ ಅವರು ಯಾವತ್ತೂ ಹೇಳಲಿಲ್ಲ. ಹಾಗೆ ಹೇಳುವ ಕಡೆ ಹೋಗಬೇಡಿ.

ಸೆಷನ್ ಒಂದು ಗಂಟೆ. ಐದಾರು ಸಾಲಿನ ಪುಟ್ಟ ಸುದ್ದಿ, ಇಲ್ಲಾ ಹತ್ತು ಚಿತ್ರ, ಇಲ್ಲಾ ಮುಖ, ಹೆಸರು, ಕೆಲಸ ಇರುವ ಕಾರ್ಡುಗಳು. ಓದಿ, ಮುಚ್ಚಿ, ಹೇಳಬೇಕು. ಮೇಡಂ ಒಂದು ಪದ ಬಿಡದೆ ಬರೆದುಕೊಳ್ಳುತ್ತಾರೆ. ಆಮೇಲೆ ಬೇರೇನೋ ಮಾಡಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ಅದನ್ನೇ ಕೇಳುತ್ತಾರೆ. ಎರಡೂ ಸಲ, ಹೇಳಿ ಮುಗಿದ ತಕ್ಷಣ ಮೂಲ ಹಾಳೆ ಒಂದು ಕಡೆ, ಇವನು ಹೇಳಿದ್ದರ ಹಾಳೆ ಇನ್ನೊಂದು ಕಡೆ. ಸರಿ ಇದ್ದದ್ದಕ್ಕೆ ಹಸಿರು ಗೆರೆ, ಇಲ್ಲದ್ದನ್ನು ಹೇಳಿದ್ದಕ್ಕೆ ಕೆಂಪು. ಗೆರೆ ಎಳೆಯುವುದು ಮೇಡಂ ಅಲ್ಲ, ಅಣ್ಣನೇ. ಇದು ಇಡೀ ಥೆರಪಿಯ ಹೃದಯ ಅಂತ ನನಗನಿಸಿತು. ಮನೆಯಲ್ಲಿ ನಾವು 'ಅದು ಸುಳ್ಳು' ಅಂದಾಗ ನಮ್ಮ ಮಾತಿಗೂ ಅವನ ಮಾತಿಗೂ ಸಾಕ್ಷಿ ಇರಲಿಲ್ಲ. ಇಲ್ಲಿ ಸಾಕ್ಷಿ ಅರ್ಧ ನಿಮಿಷದ ಹಿಂದಿನದು, ಮೇಜಿನ ಮೇಲೇ ಇದೆ.

ಮೊದಲ ಸುದ್ದಿ ಸೇತುವೆ ಮೇಲೆ ಕೆಟ್ಟು ನಿಂತ ಬಸ್ಸಿನದು. ಅಣ್ಣ ಚೆನ್ನಾಗಿಯೇ ಹೇಳಿದ, ಜೊತೆಗೆ ಬಸ್ಸಿನ ಡ್ರೈವರ್ ತನ್ನ ಸೂಪರ್‌ವೈಸರ್‌ನ ಬಾಮೈದ ಅಂತಲೂ, ಆ ಸುದ್ದಿಯನ್ನು ತಾನೇ ಪ್ರಿಂಟ್ ಮಾಡಿದ್ದು ಅಂತಲೂ ಸೇರಿಸಿದ. ಹಸಿರು ನಾಲ್ಕು, ಕೆಂಪು ಆರು.

ಮೂರನೇ ಸೆಷನ್ ನನಗೆ ಕಣ್ಣು ತೆರೆಸಿತು. ಚಿತ್ರಗಳ ಪಟ್ಟಿಯಲ್ಲಿ 'ಏಣಿ' ಇತ್ತು ಅಂದ. ಇರಲಿಲ್ಲ. ನೂರಕ್ಕೆ ನೂರು ಇತ್ತು ಅಂದ. ಮೇಡಂ ಹಳೆಯ ಫೈಲ್ ತೆಗೆದು ತೋರಿಸಿದರು, 'ಏಣಿ ನೀವು ನೋಡಿರೋದು ನಿಜ. ಆದರೆ ಅದು ಮೊನ್ನೆಯ ಪಟ್ಟಿಯಲ್ಲಿ'. ಶ್ನೈಡರ್ ಹೇಳುವುದೂ ಇದನ್ನೇ. ಮಿದುಳಿನಲ್ಲಿ, ಕಣ್ಣಗೂಡಿನ ಮೇಲಿರುವ ಭಾಗದ ಹಿಂಬದಿಯಲ್ಲಿ, ಈಗ ಏಳುತ್ತಿರುವ ನೆನಪು ಇವತ್ತಿನದಾ ಹಳೆಯದಾ ಅಂತ ಸೋಸುವ ಕೆಲಸ ನಡೆಯುತ್ತದೆ, ನಾವು ಅದರ ಬಗ್ಗೆ ಯೋಚಿಸುವುದಕ್ಕೂ ಮುಂಚೆ, ಸೆಕೆಂಡಿನ ಒಂದು ಚಿಕ್ಕ ಭಾಗದಲ್ಲಿ. ಆ ಜರಡಿ ಹರಿದರೆ ಹಳೆಯದೂ ಈಗಿನದಾಗಿಯೇ ಬರುತ್ತದೆ. ಅಣ್ಣ ಎರಡೂ ಹಾಳೆ ನೋಡುತ್ತಾ ಕೂತವನು ಒಂದು ಮಾತಂದ, 'ಅಂದ್ರೆ ಹಳೇ ಪ್ಲೇಟ್ ಬಿಚ್ಚದೇ ಮೆಷಿನ್ ಓಡಿಸಿದ್ದೀನಿ ಅಂತೀರಾ'. ಮೇಡಂ ಅದನ್ನು ಫೈಲಿನಲ್ಲಿ ಬರೆದುಕೊಂಡರು. ಆಮೇಲಿನ ಎಲ್ಲ ಸೆಷನ್‌ಗಳಲ್ಲಿ ಅವರು ಅದೇ ಮಾತು ಬಳಸಿದರು, 'ಯಾವ ಪ್ಲೇಟ್ ಇದು, ನೋಡಿ ಹೇಳಿ'. ರೋಗಿಯ ಬಾಯಿಂದ ಬಂದ ಮಾತನ್ನೇ ಎತ್ತಿಕೊಳ್ಳುವ ಥೆರಪಿಸ್ಟ್ ಸಿಗುವುದು ಅದೃಷ್ಟ. ಅರ್ಧ ಸ್ಟಾರ್ ಬರೀ ಇದಕ್ಕೇ.

ನಾಲ್ಕನೆಯದರಲ್ಲಿ ಜಗಳ. 'ನೀವೇ ಹಾಳೆ ಬದಲಾಯಿಸಿದ್ದೀರಿ' ಅಂತ ಕೂಗಾಡಿ ಕೈಯಲ್ಲಿದ್ದ ಪೆನ್ನು ಎಸೆದ. ಇನ್ನು ಇವನು ಬರಲ್ಲ ಅಂದುಕೊಂಡೆ. ಮೇಡಂ ವಾದ ಮಾಡಲಿಲ್ಲ. ಮುಂದಿನ ಸಲ ಅವನ ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿದರು, ಅವನ ಧ್ವನಿಯನ್ನು ಅವನಿಗೇ ಕೇಳಿಸಿದರು. ಕೈಬರಹದ ಮೇಲೆ ಅನುಮಾನ ಪಡಬಹುದು, ತನ್ನ ಗಂಟಲಿನ ಮೇಲೆ ಹೇಗೆ ಪಡುತ್ತಾನೆ? ತುಂಬಾ ಹೊತ್ತು ಸುಮ್ಮನಿದ್ದ.

ಇಲ್ಲಿ ನನಗೊಂದು ಗೊಂದಲ ಇತ್ತು, ಓದಿದವರಿಗೆ ನಿಮಗೂ ಬರಬಹುದು. 1994ರಲ್ಲಿ ಅಲನ್ ಬ್ಯಾಡ್ಲಿ ಮತ್ತು ಬಾರ್ಬರಾ ವಿಲ್ಸನ್ ಅನ್ನುವ ಮನಶ್ಶಾಸ್ತ್ರಜ್ಞರು ಮಾಡಿದ ಪ್ರಸಿದ್ಧ ಅಧ್ಯಯನ ಒಂದಿದೆ. ನೆನಪು ತೀರ ಕುಂದಿದವರಿಗೆ ತಪ್ಪು ಮಾಡಲು ಬಿಟ್ಟು ಕಲಿಸಿದರೆ ಆ ತಪ್ಪೇ ಅಂಟಿಕೊಳ್ಳುತ್ತದೆ, ತಪ್ಪೇ ಆಗದ ಹಾಗೆ ಕಲಿಸಿದರೆ ಚೆನ್ನಾಗಿ ಕಲಿಯುತ್ತಾರೆ ಅಂತ ಅದು ತೋರಿಸಿತು. ಹಾಗಿದ್ದರೆ ಇಲ್ಲಿ ತಪ್ಪು ಮಾಡಿಸಿ ಅದನ್ನು ಮುಖಕ್ಕೆ ಹಿಡಿಯುವುದು ಯಾಕೆ? ಕೇಳಿಯೇಬಿಟ್ಟೆ. ಮೇಡಂ ಹೇಳಿದ್ದು ನನಗೆ ಒಪ್ಪಿಗೆಯಾಯಿತು. ಹೊಸ ನರ್ಸ್ ಹೆಸರು, ಬಾತ್‌ರೂಮಿನ ದಾರಿ, ಮಾತ್ರೆಯ ಟೈಮ್ ಇವನ್ನೆಲ್ಲ ತಪ್ಪಾಗದ ಹಾಗೇ ಕಲಿಸಬೇಕು. ಆದರೆ ಅಣ್ಣನಿಗೆ ಕಲಿಯಬೇಕಾಗಿದ್ದದ್ದು ಬೇರೆ, ಬಾಯಿಗೆ ಬಂದದ್ದನ್ನು ಹೇಳುವ ಮೊದಲು ಒಂದು ಸಲ ತಿರುಗಿ ನೋಡುವ ಅಭ್ಯಾಸ. ತಪ್ಪನ್ನು ಕಣ್ಣಾರೆ ನೋಡದೆ ಆ ಅಭ್ಯಾಸ ಹುಟ್ಟಲ್ಲ. ಎಲ್ಲರಿಗೂ ಇದು ಹೊಂದುತ್ತದೆ ಅಂತಲೂ ಅವರು ಹೇಳಲಿಲ್ಲ. ಬೆಳಿಗ್ಗೆ ಕೊಟ್ಟ ಹಾಳೆಯೇ ಅರ್ಧ ಗಂಟೆಗೆ ಮರೆತುಹೋಗುವಷ್ಟು ನೆನಪು ಕೆಟ್ಟಿದ್ದರೆ ಹೋಲಿಸಲು ಉಳಿಯುವುದಾದರೂ ಏನು.

ಈ ಪದ್ಧತಿ ಮೇಡಂ ತಲೆಯಲ್ಲಿ ಹುಟ್ಟಿದ್ದಲ್ಲ. 2017ರಲ್ಲಿ ಸ್ಪೇನಿನ ಗ್ರನಾಡಾದ ಸಂಶೋಧಕರು ಪ್ರಕಟಿಸಿದ ಪ್ರಯೋಗ ಒಂದಿದೆ. 20 ಜನ ರೋಗಿಗಳು, 3 ವಾರದಲ್ಲಿ 9 ಸೆಷನ್, ಹೀಗೇ ಓದಿಸಿ, ತಕ್ಷಣ ಮತ್ತು ತಡವಾಗಿ ಕೇಳಿ, ತಪ್ಪು ಸರಿ ತೋರಿಸುವುದು. ಅರ್ಧ ಜನರಿಗೆ ಮೊದಲು ಕೊಟ್ಟು, ಉಳಿದವರನ್ನು ಕಾಯಿಸಿ ಆಮೇಲೆ ಕೊಟ್ಟರು. ಚಿಕಿತ್ಸೆ ಸಿಕ್ಕವರಲ್ಲಿ ಕಥೆಗಳು ಕಮ್ಮಿಯಾದವು, ಸರಿ ಉತ್ತರ ಜಾಸ್ತಿಯಾಯಿತು, ಮನೆಯಲ್ಲೂ ವ್ಯತ್ಯಾಸ ಕಂಡಿತು ಅಂತ ಮನೆಯವರು ಹೇಳಿದರು. 20 ಜನ ಅಂದರೆ ಸಣ್ಣ ಸಂಖ್ಯೆ, ನಿಜ. ಆದರೆ ಈ ತೊಂದರೆಗೆ ಅಂತಲೇ ಮಾಡಿದ ಮಾತ್ರೆ ಯಾವುದೂ ಇಲ್ಲ ಅನ್ನುವುದನ್ನು ನೆನಪಿಟ್ಟುಕೊಂಡು ತೂಗಿ. (ಕುಡಿತದಿಂದ ಬಿ1 ವಿಟಮಿನ್ ಕುಸಿದು ಹೀಗಾದವರ ಕಥೆ ಬೇರೆ. ಅವರಿಗೆ ಮೊದಲು ತಯಾಮಿನ್ (ಅಂದರೆ ಆ ಬಿ1) ಬೇಕು, ಅದೂ ತಡಮಾಡದೆ. ಕೆಂಪು ಹಸಿರು ಗೆರೆ ಎಲ್ಲ ಆಮೇಲೆ.)

ಮನೆಯಲ್ಲಿ ನಾವು ಮಾಡುತ್ತಿದ್ದ ತಪ್ಪುಗಳ ಪಟ್ಟಿ ಕೇಳಿದರೆ ನಗುತ್ತೀರಿ. ಯಾರೂ ಬರದ ದಿನ 'ನಿನ್ನೆ ಯಾರು ಬಂದಿದ್ದರು ಹೇಳು ನೋಡೋಣ' ಅಂತ ನಾನೇ ಪರೀಕ್ಷೆ ಮಾಡುತ್ತಿದ್ದೆ. ಅಂದರೆ ಯಾರೋ ಬಂದಿದ್ದರು ಅಂತ ನಾನೇ ಹೇಳಿಕೊಟ್ಟ ಹಾಗೆ. ಅತ್ತಿಗೆ ಜಗಳ ಬೇಡ ಅಂತ 'ಹೂಂ, ಹೌದು, ಪಾಳಿ ಜೋರಿತ್ತಾ' ಅಂತ ಒಪ್ಪಿಕೊಂಡುಬಿಡುತ್ತಿದ್ದರು. ಎರಡೂ ಕೆಟ್ಟದ್ದೇ. ಮೇಡಂ ಹೇಳಿಕೊಟ್ಟದ್ದು ಮೂರನೇ ದಾರಿ: ಒಪ್ಪಬೇಡಿ, ವಾದಿಸಬೇಡಿ, 'ಡೈರಿಯಲ್ಲಿ ಏನಿದೆ ನೋಡೋಣ ಬನ್ನಿ' ಅನ್ನಿ. ಡೈರಿಯನ್ನು ಅಣ್ಣನೇ ಬರೆಯಬೇಕು, ನಡೆದ ಕೂಡಲೇ ಬರೆಯಬೇಕು, ರಾತ್ರಿ ಕೂತು ನೆನಪಿಸಿಕೊಂಡು ಬರೆದರೆ ಡೈರಿಯ ತುಂಬ ಪ್ರೆಸ್ಸೇ ಇರುತ್ತದೆ. ಡೈರಿ ಮೊದಲಿಂದಲೇ ಬರೆಸುತ್ತಿದ್ದರು, ಆದರೆ ಮನೆಯಲ್ಲಿ ನಾವು ಹೇಗೆ ನಡೆದುಕೊಳ್ಳಬೇಕು ಅನ್ನುವುದನ್ನು ಇವರು ಆರನೇ ಸೆಷನ್ ಹೊತ್ತಿಗೆ ಹೇಳಿದರು. ಮೊದಲ ದಿನವೇ ಹೇಳಬೇಕಿತ್ತು. ವಾರಕ್ಕೆ ಮೂರು ಗಂಟೆ ಅವರ ಹತ್ತಿರ, ಉಳಿದದ್ದೆಲ್ಲ ನಮ್ಮ ಹತ್ತಿರ ತಾನೆ? ಒಂದು ಸ್ಟಾರ್ ಕಟ್.

ಒಂಬತ್ತನೇ ಸೆಷನ್. ಮುಖಗಳ ಕಾರ್ಡು. ಅರ್ಧ ಗಂಟೆ ಆದಮೇಲೆ ಮೇಡಂ ಕೇಳಿದರು, 'ಈ ಕನ್ನಡಕದವರು ಏನು ಕೆಲಸ ಮಾಡ್ತಾರೆ?' ಅಣ್ಣ ಬಾಯಿ ತೆರೆದ, ನಿಂತ, ಕಾರ್ಡಿನ ಕಡೆ ನೋಡಿದ, ನನ್ನ ಕಡೆ ನೋಡಿದ. 'ಕಂಪೋಸಿಂಗ್ ಅಂತ ಬಾಯಿಗೆ ಬರ್ತಿದೆ. ಆದ್ರೆ ಅದು ಹಳೇ ಪ್ಲೇಟು. ಗೊತ್ತಿಲ್ಲ ಮೇಡಂ.' ಗೊತ್ತಿಲ್ಲ ಅನ್ನುವ ಮಾತಿಗೆ ಅಷ್ಟು ಖುಷಿಪಟ್ಟವನು ನಾನೊಬ್ಬನೇ ಇರಬೇಕು. ಹೊರಗೆ ಬಂದು ಅತ್ತಿಗೆಗೆ ಫೋನ್ ಮಾಡಿ 'ಅಣ್ಣ ಗೊತ್ತಿಲ್ಲ ಅಂದ' ಅಂದೆ. ಅವರಿಗೆ ಅರ್ಥ ಆಗಲು ಸ್ವಲ್ಪ ಹೊತ್ತು ಹಿಡಿಯಿತು.

ಇನ್ನು ಯಾರೂ ಮೊದಲೇ ಹೇಳದೇ ಇದ್ದದ್ದು. ಈ ಸುಳ್ಳು ನೆನಪುಗಳು ಬಹಳ ಸಲ ನಿಜಕ್ಕಿಂತ ಹಿತವಾಗಿರುತ್ತವೆ. ಅಣ್ಣ ಬೆಳಿಗ್ಗೆ ಅಪ್ಪನ ಹತ್ತಿರ ಮಾತಾಡಿದೆ ಅನ್ನುತ್ತಿದ್ದ. ಅಪ್ಪ ಹೋಗಿ 15 ವರ್ಷ. ಹತ್ತನೇ ಸೆಷನ್ ಆದ ರಾತ್ರಿ ತಾನಾಗಿಯೇ ಕೇಳಿದ, 'ಅಪ್ಪ ಮಾತಾಡಿದ್ದೂ ಹಳೇ ಪ್ಲೇಟೇನೋ?' ಹೌದು ಅಂದೆ. ಸುದ್ದಿ ಅವತ್ತೇ ಬಂದ ಹಾಗೆ ಅತ್ತ. ಪ್ರೆಸ್ ಮುಚ್ಚಿದ್ದೂ ಅವನಿಗೆ ಹೊಸ ಸುದ್ದಿಯೇ. ಕಥೆ ಕಿತ್ತುಕೊಂಡ ಜಾಗದಲ್ಲಿ ಏನು ಉಳಿಯುತ್ತದೆ ಅಂತ ಸೆಂಟರ್‌ನವರು ಯೋಚಿಸಿಯೇ ಇರಲಿಲ್ಲ, ಆ ವಾರ ಮಾತಾಡಿಸಲು ಒಬ್ಬ ಕೌನ್ಸೆಲರ್ ಕೂಡ ಇರಲಿಲ್ಲ. ಮೇಡಂ ಒಳ್ಳೆಯವರು, ಫೋನಿನಲ್ಲಿ ಸಮಾಧಾನ ಹೇಳಿದರು, ಆದರೆ ಅದು ಅವರ ಒಳ್ಳೆಯತನ, ಸೆಂಟರ್‌ನ ವ್ಯವಸ್ಥೆ ಅಲ್ಲ. ಇದಕ್ಕೆ ಅರ್ಧ ಕಟ್ ಮಾಡಿದ್ದೇನೆ, ಅತ್ತಿಗೆಯನ್ನು ಕೇಳಿದ್ದರೆ ಎರಡು ಕಟ್ ಮಾಡುತ್ತಿದ್ದರು. ಸಣ್ಣಪುಟ್ಟ ದೂರು: ಒಂದು ಗಂಟೆ ಜಾಸ್ತಿಯಾಯಿತು, ನಲವತ್ತು ನಿಮಿಷ ದಾಟಿದರೆ ಅಣ್ಣ ಸುಸ್ತಾಗಿ ಕೆಂಪು ಗೆರೆ ಹೆಚ್ಚಾಗುತ್ತಿತ್ತು. ಕೊನೆಗೆ ಕೊಟ್ಟ ರಿಪೋರ್ಟ್ ಡಾಕ್ಟರ್‌ಗಳಿಗೆ ಮಾತ್ರ ಅರ್ಥವಾಗುವ ಭಾಷೆಯಲ್ಲಿದೆ.

ಈಗ ಪ್ರಾಮಾಣಿಕವಾಗಿ ಒಂದು ವಿಷಯ. ಅಣ್ಣ ಸುಧಾರಿಸಿದ್ದು ಪೂರ್ತಿ ಥೆರಪಿಯಿಂದಲೇ ಅಂತ ನಾನು ಪ್ರಮಾಣ ಮಾಡಲ್ಲ. 2000ನೇ ಇಸವಿಯಲ್ಲಿ ಶ್ನೈಡರ್ ತಂಡ ಇಂಥ ರೋಗಿಗಳ ಬೆನ್ನು ಹತ್ತಿ ನೋಡಿದಾಗ ಹೆಚ್ಚಿನವರು ಒಂದೂವರೆ ವರ್ಷದೊಳಗೆ ಕಥೆಗಳಿಂದ ಹೊರಬಂದಿದ್ದರು. ಪೆಟ್ಟು ಎಲ್ಲಿ, ಎಷ್ಟು ಅನ್ನುವುದರ ಮೇಲೆ ಕೆಲವರಿಗೆ ಬೇಗ, ಕೆಲವರಿಗೆ ನಿಧಾನ, ಪೆಟ್ಟು ತುಂಬಾ ಹರಡಿದ್ದವರು ಹೊರಬರಲೇ ಇಲ್ಲ. ನಾವು ಶುರು ಮಾಡಿದ್ದು ಐದನೇ ತಿಂಗಳಲ್ಲಿ. ಒಂದಿಷ್ಟು ತಾನಾಗಿಯೇ ಬರುತ್ತಿತ್ತೇನೋ. ಆದರೆ ಶುರು ಮಾಡುವ ಮೊದಲಿನ ಎರಡು ತಿಂಗಳು ಒಂದಿಂಚೂ ಕದಲಿರಲಿಲ್ಲ, ನಾಲ್ಕು ವಾರದಲ್ಲಿ ಇಷ್ಟಾಯಿತು. ನನಗೆ ಅಷ್ಟು ಸಾಕು.

ಹೋಗುವ ಯೋಚನೆ ಇದ್ದರೆ ಫೋನಿನಲ್ಲೇ ಕೇಳಿ: ಕಥೆಗಳ ಲೆಕ್ಕವನ್ನು ಮೊದಲೂ ಕೊನೆಗೂ ಬೇರೆಯಾಗಿ ಇಡುತ್ತೀರಾ, ಬರೀ ನೆನಪಿನ ಸ್ಕೋರ್ ಕೊಡುತ್ತೀರಾ? ಮನೆಯವರಿಗೆ ಯಾವಾಗ ಟ್ರೈನಿಂಗ್? ತಪ್ಪನ್ನು ಹೇಗೆ ತೋರಿಸುತ್ತೀರಿ? 'ಆ್ಯಪ್ ಇದೆ' ಅನ್ನುವುದೇ ಉತ್ತರ ಆದರೆ ಫೋನ್ ಇಡಿ.

ಇಂದಿಗೆ ಮುಗಿದು ಮೂರು ತಿಂಗಳು. ಸಂಜೆ ಚಪ್ಪಲಿ ಹುಡುಕುವುದು ವಾರಕ್ಕೆ ಒಂದು ಸಲ ಇರಬಹುದು, ಅದೂ ಬಾಗಿಲವರೆಗೆ ಹೋಗಿ ಡೈರಿ ನೋಡಲು ವಾಪಸ್ ಬರುತ್ತಾನೆ. ಇದನ್ನು ಹಾಕುವ ಮುಂಚೆ ಅವನಿಗೇ ಓದಿ ಹೇಳಿದೆ, ಅವನ ವಿಷಯ ತಾನೆ. ನಾಲ್ಕನೇ ಸೆಷನ್ ಬಂದಾಗ ತಡೆದ. 'ಎಸೆದದ್ದು ನನಗೆ ನೆನಪಿಲ್ಲ, ತಾಳು' ಅಂತ ಡೈರಿ ತಂದು ಪುಟ ತಿರುಗಿಸಿದ. ಅವನದೇ ಅಕ್ಷರ: 'ಕೋಪ ಬಂತು. ಪೆನ್ಸಿಲ್ ಎಸೆದೆ. ಮುರಿಯಿತು.' ಪೆನ್ನು ಅಂತ ನಾನು ಕಣ್ಣಿಗೆ ಕಟ್ಟಿದ ಹಾಗೆ ನೋಡಿದ್ದೆ, ಅದು ನೀಲಿ ಬಣ್ಣದ್ದು ಅಂತಲೂ ಹೇಳುತ್ತಿದ್ದೆ. ಮೇಲೆ ಬರೆದದ್ದನ್ನು ತಿದ್ದಲು ಹೋದರೆ ಬೇಡ, ಹಾಗೇ ಇರಲಿ ಅಂದ, ಕೆಂಪು ಪೆನ್ ಎಲ್ಲಿದೆ ಅಂತ ಕೇಳಿದ.